ಗುದ್ದಲಿ ಸಲ್ಲದ ನಿಧಿ

ದುರ್ಗದ ಸೀಮೆಯಲ್ಲಿ ನಿಧಿಯೆಂದೊಡನೆ ಗುದ್ದಲಿ ನೆನಪಾಗುವುದು. ಅಗೆದು ಕೆಡಿಸಿದ ಹಾಳುಗುಡಿಗಳೇ ಸಾಕ್ಷಿ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ಬಯಲಲ್ಲಿ ನಡೆಯುತ್ತಿದ್ದಾಗ, ನೆಲವನ್ನು ಅಗೆಯಲೇಬಾರದೆಂಬ ನಿಯಮವುಳ್ಳ ಮತ್ತೊಂದು ನಿಧಿಬೇಟೆ ನನ್ನ ನೆನಪಿಗೆ ಬಂದಿತು. ಅದು ಜಿಯೋಕ್ಯಾಶಿಂಗ್: ಉಪಗ್ರಹಗಳ ನೆರವಿನಿಂದ ಅಕ್ಷಾಂಶ ರೇಖಾಂಶಗಳನ್ನು ಹಿಡಿದು, ಯಾರೋ ಬಚ್ಚಿಟ್ಟ ಡಬ್ಬಿಯನ್ನು ಹುಡುಕುವ ಆಟ. 2000ದ ಮೇ 3ರಂದು ಅಮೆರಿಕದ ಆರೆಗಾನಿನಲ್ಲಿ ಡೇವ್ ಉಲ್ಮರ್ ಇಟ್ಟ ಮೊದಲನೆಯದು ಬಕೆಟ್ಟಿನಷ್ಟಿತ್ತು. ಒಳಗೆ ಪುಸ್ತಕ, ಕವಣೆ! ಒಂದನ್ನು ತೆಗೆದವರು ಇನ್ನೊಂದನ್ನು ಇಡಬೇಕು. ಈಗಲೋ ಫಿಲಂ ಸುರುಳಿಯ ಡಬ್ಬಿ, ಅದಕ್ಕೂ ಕಿರಿದಾದ, ಬೆರಳ ತುದಿಯಷ್ಟರ ಅಯಸ್ಕಾಂತದ ಕರಡಿಗೆಗಳೇ ಹೆಚ್ಚುತ್ತಿವೆ. ಅವುಗಳೊಳಗೆ ಹೆಸರು ಬರೆಯುವ ಕಾಗದದ ಸುರುಳಿ ಮಾತ್ರ. ಜನಜಂಗುಳಿಯ ಪೇಟೆಯಲ್ಲಿ ಮರೆಮಾಡಲು ಇದು ಸುಲಭ, ಒಪ್ಪಿದೆ. ಆದರೆ ಅಪ್ಪನ ಕೈಹಿಡಿದು ಬಂದ ಮಗುವಿಗೆ ಒಂದು ಗೋಲಿಯೂ ದೊರೆಯದು. ಹುಣಸೆಯ ಪೊಟರೆಗಳಿಗೆ ಬರವಿಲ್ಲದ ಹಳ್ಳಿಗಾಡಿನಲ್ಲಿಯೂ ಈ ಜಿಪುಣತನವೇಕೆ?