ಹರಿಕಾರನ ಗೆಜ್ಜೆ

ಭಾಷೆಯಲ್ಲಿ ಕೆಲವು ಮಾತುಗಳು ಕಾಲಕ್ರಮದಲ್ಲಿ ತಮ್ಮ ಪದವಿಯನ್ನು ಕಳೆದುಕೊಳ್ಳುತ್ತವೆ. ಮತ್ತೆ ಕೆಲವಕ್ಕೆ ಯಾರೂ ಕೇಳದೆಯೇ ದೊಡ್ಡ ಪದವಿಯು ದೊರೆಯುತ್ತದೆ. ‘ಹರಿಕಾರ’ ಎಂಬ ಮಾತು ಈ ಎರಡನೆಯ ಬಗೆಗೆ ಸೇರಿದುದು. ಈಗಿನ ಪತ್ರಿಕೆಗಳನ್ನು ತೆರೆದು ನೋಡಿದರೆ ಒಬ್ಬರು ಹೊಸ ಯುಗದ ಹರಿಕಾರರು, ಇನ್ನೊಬ್ಬರು ಉದ್ಯಮದ ಹರಿಕಾರರು, ಮತ್ತೊಬ್ಬರು ಸುಧಾರಣೆಯ ಹರಿಕಾರರು. ಮೊದಲು ದಾರಿಯನ್ನು ತೆರೆದ ಮಹನೀಯರಿಗೆಲ್ಲ ಇದೇ ಬಿರುದು. ಆದರೆ ಪಾರಸಿಯಿಂದ ಬಂದ ಈ ಮಾತಿನ ಮೂಲಾರ್ಥವು ಎಲ್ಲ ಕೆಲಸವನ್ನೂ ಮಾಡುವವನು ಎಂಬಷ್ಟೇ. ರೂಢಿಯಲ್ಲಿ ಅದು ಓಲೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಊರಿಂದ ಊರಿಗೆ ಓಡುತ್ತಿದ್ದ ಬಡ ಆಳಿನ ಹೆಸರಾಗಿದ್ದಿತು. ಪರರ ಹೊರೆಯನ್ನು ಹೊತ್ತು ನಡೆದವನ ಹೆಸರೇ ದಾರಿಯನ್ನು ತೆರೆದವನ ಹೆಸರಾದುದು ಬರಿಯ ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಭಾಷೆಯು ನಮ್ಮ ಚರಿತ್ರೆಯ ಪುಸ್ತಕಗಳಿಗಿಂತ ಹೆಚ್ಚು ನ್ಯಾಯವಾಗಿ ನಡೆದುಕೊಂಡಿದೆ.

ಈ ವಿಚಾರವು ನನ್ನ ಮನಸ್ಸನ್ನು ಹತ್ತುವುದಕ್ಕೆ ಕಾರಣರು ನಮ್ಮ ಮನೆಯ ಮಕ್ಕಳು. ನಾವು ಇರುವುದು ಬೆಂಗಳೂರಿಗೆ ಮೂಡಲು, ವೈಟ್‌ಫೀಲ್ಡಿನ ಸೀಮೆಯಲ್ಲಿ. ಸುತ್ತಲೂ ಗಾಜಿನ ಮಾಳಿಗೆಗಳೂ ಅವುಗಳ ನಡುವೆ ಅಲ್ಲಲ್ಲಿ ಉಳಿದ ಕೆರೆಯ ಏರಿಗಳೂ ಇವೆ. ಮಕ್ಕಳು ಅಮೆರಿಕಾ ದೇಶದ ಪಡುವಣ ಗಡಿಯ ಕಥೆಗಳನ್ನು ಬಹಳ ಆಸೆಯಿಂದ ಓದುವರು. ಕುದುರೆಯ ಮೇಲೆ ಟಪಾಲನ್ನು ಒಯ್ದವರು, ತುಪ್ಪಳಕ್ಕಾಗಿ ಬೀವರುಗಳಿಗೆ ಬೋನೊಡ್ಡಿದವರು, ಹೆಸರಿಲ್ಲದ ನದಿಗಳನ್ನು ಹುಡುಕಿ ಹೊರಟವರು, ಹೀಗೆ ಮೂರು ಬಗೆಯ ಸಾಹಸಿಗಳು ಆ ಕಥೆಗಳಲ್ಲಿ ತುಂಬಿರುವರು. ಒಂದು ದಿನ ಊಟದ ಹೊತ್ತಿನಲ್ಲಿ ಕಿರಿಯ ಹುಡುಗಿಯು, “ನಮ್ಮ ಕಡೆ ಇಂಥವರು ಯಾರೂ ಇರಲಿಲ್ಲವೆ?” ಎಂದು ಕೇಳಿದಳು. ಇದ್ದರು ಎಂದು ಹೇಳಿಬಿಡುವುದು ಸುಲಭ. ಯಾರು ಎಂದು ಹೇಳುವುದಕ್ಕೆ ಒಂದು ರಾತ್ರಿಯ ಊಟವು ಸಾಲದು. ಅವಳಿಗೆ ಕಂತುಕಂತಾಗಿ ಹೇಳಿದುದನ್ನೇ ವಾಚಕರ ಮುಂದೆಯೂ ಇಡುತ್ತೇನೆ.

ಅವಳು ಓದಿದ ಕುದುರೆಯ ಟಪಾಲಿಗೆ ಪೋನಿ ಎಕ್ಸ್‌ಪ್ರೆಸ್ ಎಂದು ಹೆಸರು. 1860ನೆಯ ಏಪ್ರಿಲ್ ತಿಂಗಳಲ್ಲಿ ಅದು ಮಿಸೌರಿಯ ಸೇಂಟ್ ಜೋಸೆಫ್ ಎಂಬ ಊರಿನಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋಗೆ ಹೊರಟಿತು. ಸುಮಾರು 1,900 ಮೈಲಿಗಳ ದಾರಿ. ಹತ್ತು ಹದಿನೈದು ಮೈಲಿಗೊಮ್ಮೆ ಕುದುರೆಯನ್ನು ಬದಲಾಯಿಸುತ್ತ, ಕಾಗದಗಳನ್ನು ಹತ್ತು ದಿನಗಳಲ್ಲಿ ಮುಟ್ಟಿಸುತ್ತಿದ್ದರು. 1861ನೆಯ ಅಕ್ಟೋಬರಿನಲ್ಲಿ ತಂತಿಯ ಕಂಬಗಳು ಎರಡು ತೀರಗಳನ್ನೂ ಕೂಡಿಸಿದುವು. ಕುದುರೆಗಳ ಕೆಲಸವು ಮುಗಿಯಿತು. ಒಟ್ಟು ಆಯುಸ್ಸು ಒಂದೂವರೆ ವರ್ಷ. ಅಷ್ಟು ಅಲ್ಪಾಯುವಾದ ಸಂಸ್ಥೆಯು ಲೋಕದ ಮಕ್ಕಳೆಲ್ಲರ ನಾಲಗೆಯ ಮೇಲೆ ಕುಳಿತಿರುವುದು ಆಶ್ಚರ್ಯವಲ್ಲವೆ?

ಇದಕ್ಕೆ ಎದುರಾಗಿ ನಮ್ಮ ಮೈಸೂರಿನ ಅಂಚೆಯನ್ನು ಇಟ್ಟು ನೋಡೋಣ. ಚಿಕ್ಕದೇವರಾಜ ಒಡೆಯರು 1672ರಲ್ಲಿ ತಮ್ಮ ರಾಜ್ಯದಲ್ಲಿ ಅಂಚೆಯ ವ್ಯವಸ್ಥೆಯನ್ನು ಸ್ಥಾಪಿಸಿದರು. ಅರಸರು ಬದಲಾದರು, ಹೈದರನೂ ಟಿಪ್ಪುವೂ ಬಂದು ಹೋದರು, ಪೂರ್ಣಯ್ಯನವರ ಆಡಳಿತವೂ ಕಮಿಷನರುಗಳ ಆಡಳಿತವೂ ಕಳೆದುವು. ಅಂಚೆಯು ಮಾತ್ರ ಉಳಿದು ಬಂದು, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ಲೆಕ್ಕ ಹಾಕಿದರೆ 217 ವರ್ಷಗಳು. ಒಂದೂವರೆ ವರ್ಷದ ಸವಾರರ ಕಥೆ ನಮ್ಮ ಮಕ್ಕಳಿಗೆ ಬಾಯಿಪಾಠವಾಗಿದೆ. ಇನ್ನೂರು ವರ್ಷಕ್ಕೂ ಮಿಗಿಲಾಗಿ ಓಡಿದವರ ಹೆಸರು ಒಂದಾದರೂ ನಮಗೆ ತಿಳಿಯದು.

ಅಂಚೆ ಎಂಬ ಮಾತು ಹಳಗನ್ನಡದಲ್ಲಿ ಹಂಸಪಕ್ಷಿಗೂ ಹೆಸರು. ನಳನ ಒಲವಿನ ಮಾತನ್ನು ದಮಯಂತಿಗೆ ಮುಟ್ಟಿಸಿದ ದೂತನೂ ಅಂಚೆಯೇ. ಎರಡು ಮಾತುಗಳ ಮೂಲ ಬೇರೆ ಬೇರೆಯಾಗಿದ್ದರೂ ಇರಲಿ, ಕನ್ನಡಿಗನ ಕಿವಿಗೆ ಈ ಹೊಂದಿಕೆಯು ಬಲು ಇಂಪು. ಆದರೆ ಒಡೆಯರ ಅಂಚೆಯು ಕೇವಲ ಒಲವಿನ ಓಲೆಗಳಿಗಾಗಿ ಹುಟ್ಟಿದುದಲ್ಲ. ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸ್ ಎಂಬ ಸೇನಾಧಿಕಾರಿಯು ಹೇಳುವ ಪ್ರಕಾರ, ಅಂಚೆಯ ಅಧಿಕಾರಿಗಳು ಅರಮನೆಯ ಗುಪ್ತಚಾರರೂ ಆಗಿದ್ದು, ಸೀಮೆಯಲ್ಲಿ ನಡೆದುದನ್ನೂ ಜನರು ಆಡಿಕೊಂಡುದನ್ನೂ ಅರಸರಿಗೆ ತಿಳಿಸುತ್ತಿದ್ದರು. ಎಂದ ಮೇಲೆ, ಚೀಲವನ್ನು ಹೊತ್ತು ಓಡುತ್ತಿದ್ದವನಿಗೆ ತನ್ನ ಬೆನ್ನ ಮೇಲಿರುವುದು ಮಗಳ ಕ್ಷೇಮಸಮಾಚಾರವೋ ಯಾರಿಗೋ ಬಂದ ಕೇಡಿನ ಸುದ್ದಿಯೋ ಎಂಬುದು ತಿಳಿಯುತ್ತಿರಲಿಲ್ಲ. ಅವನಿಗೆ ತಿಳಿದುದು ಮುಂದಿನ ಕಟ್ಟೆಯವರೆಗಿನ ದಾರಿ ಮಾತ್ರ.

ಓಟದವನು ಸವಾರನಿಗಿಂತ ಕಡಮೆಯವನೆಂದು ತಿಳಿಯಬಾರದು. ಹದಿನಾಲ್ಕನೆಯ ಶತಮಾನದಲ್ಲಿ ದಿಲ್ಲಿಗೆ ಬಂದಿದ್ದ ಇಬ್ನ್ ಬತೂತನೆಂಬ ಯಾತ್ರಿಕನು ಈ ದೇಶದ ಎರಡು ಬಗೆಯ ಅಂಚೆಗಳನ್ನೂ ಕಂಡು ಬರೆದಿಟ್ಟಿರುವನು. ಕುದುರೆಯ ಅಂಚೆಗೆ ನಾಲ್ಕು ಮೈಲಿಗೊಂದು ಠಾಣೆ. ಕಾಲಾಳಿನ ಅಂಚೆಗೆ ಮೈಲಿಗೆ ಮೂರು ಠಾಣೆ. ಓಟದವನು ಒಂದು ಕೈಯಲ್ಲಿ ಓಲೆಯನ್ನೂ ಇನ್ನೊಂದು ಕೈಯಲ್ಲಿ ತುದಿಗೆ ತಾಮ್ರದ ಗೆಜ್ಜೆ ಕಟ್ಟಿದ ಕೋಲನ್ನೂ ಹಿಡಿದು ಓಡಿಬರುವನು. ಆ ಸದ್ದನ್ನು ಕೇಳಿದೊಡನೆಯೇ ಮುಂದಿನ ಠಾಣೆಯವನು ಎದ್ದು ಸಿದ್ಧನಾಗಿ ನಿಲ್ಲುವನು. ಈ ಕಾಲಾಳಿನ ಅಂಚೆಯೇ ಕುದುರೆಯ ಅಂಚೆಗಿಂತ ಬೇಗ ಮುಟ್ಟುತ್ತಿದ್ದಿತೆಂದು ಅವನು ಹೇಳಿರುವನು. ಬೇಗ ಮುಟ್ಟುವುದು ಒಬ್ಬನ ವೇಗದಿಂದಲ್ಲ. ಕೈಯಿಂದ ಕೈಗೆ ದಾಟಿಸುವ ಹಲವರ ಒಗ್ಗಟ್ಟಿನಿಂದ. ಮುಂದಿನ ಕಾಲದಲ್ಲಿಯೂ ಹರಿಕಾರನ ಗುರುತು ಈಟಿಯೂ ಗೆಜ್ಜೆಯೂ ಆಗಿ ಉಳಿದುವು. ಗೆಜ್ಜೆಯು ಹಾವು ಹರಿದು ಹೋಗಲೆಂದು, ಎದುರು ಬರುವವರು ದಾರಿ ಬಿಡಲೆಂದು. ಈಟಿಯು ಕಳ್ಳಕಾಕರಿಗೂ ಕಾಡುಮೃಗಕ್ಕೂ. ಆ ಗೆಜ್ಜೆ ಅಲಂಕಾರವಲ್ಲ, ಒಬ್ಬಂಟಿಯ ಕಾವಲು.

ಇನ್ನು ದೇಶವನ್ನು ಅಳೆಯ ಹೊರಟವರ ಮಾತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಮೈಸೂರು ಸೀಮೆಯು ಇಂಗ್ಲಿಷರ ಕಣ್ಣಿಗೆ ಬರೆಯದ ಹಾಳೆಯಂತೆ ಕಂಡಿತು. ಮರುವರ್ಷವೇ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದರಾಸಿನಿಂದ ಹೊರಟು, ಘಟ್ಟವನ್ನು ಹತ್ತಿ, ಬೆಂಗಳೂರಿಗೆ ಬಂದನು. ರಾಗಿಯನ್ನು ಹೇಗೆ ಬಿತ್ತುವರು, ಕೆರೆಯ ನೀರನ್ನು ಹೇಗೆ ಹಂಚುವರು, ನೇಕಾರನಿಗೆ ಎಷ್ಟು ಕೂಲಿ ಎಂಬುದನ್ನೆಲ್ಲ ವಿಚಾರಿಸಿ ಬರೆದುಕೊಂಡನು. ಅವನ ಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದೇ 1800ರ ಕೊನೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬಾತನು ಬೆಂಗಳೂರಿನ ಹತ್ತಿರದ ಬಯಲಿನಲ್ಲಿ ಏಳು ಮೈಲಿಗೂ ಮಿಕ್ಕ ಒಂದು ನೇರ ಗೆರೆಯನ್ನು ಅಳೆದನು. ಮುಂದೆ ಇಡೀ ಹಿಂದೂಸ್ಥಾನವನ್ನು ಹಿಮಾಲಯದವರೆಗೆ ಅಳೆದ ಮಹಾ ತ್ರಿಕೋನಮಾಪನಕ್ಕೆ ಇದು ಪೂರ್ವಸಿದ್ಧತೆ. ಅವನು ಬಳಸಿದ ಸರಪಣಿಯದೇ ಒಂದು ಕಥೆ. ಚೀನಾ ಚಕ್ರವರ್ತಿಗೆ ಕಾಣಿಕೆಯಾಗಿ ಇಂಗ್ಲೆಂಡಿನಿಂದ ಹೋದ ಆ ಉಕ್ಕಿನ ಸರಪಣಿಯನ್ನು ಚಕ್ರವರ್ತಿಯು ಬೇಡವೆಂದನು. ಅದು ಕಲ್ಕತ್ತೆಗೆ ಬಂದು, ಅಲ್ಲಿಂದ ನಮ್ಮ ಬಯಲಿಗೆ ಇಳಿಯಿತು. ಚೀನಾದ ದೊರೆ ಬೇಡವೆಂದುದು ಬೆಂಗಳೂರಿನ ಮಣ್ಣಿಗೆ ಬೇಕಾಯಿತು!

ಆ ಸರಪಣಿಯ ಉದ್ದ ನೂರು ಅಡಿ. ಏಳು ಮೈಲಿಗೂ ಮಿಕ್ಕ ಗೆರೆಯೆಂದರೆ, ಅದನ್ನು ಸುಮಾರು 400 ಸಲ ಎತ್ತಿ, ಹಿಡಿದು, ಬಿಸಿಲಿಗೆ ಹಿಗ್ಗದಂತೆ ಕಾದು, ಮತ್ತೆ ಇಡಬೇಕು. ಎತ್ತಿದವರಾರು? ಪೊದೆಯನ್ನು ಕಡಿದು ದಾರಿಯನ್ನು ತೋರಿದವರಾರು? ಅವರ ಹೆಸರುಗಳನ್ನು ಯಾವ ನಕ್ಷೆಯಲ್ಲಿಯೂ ಬರೆದಿಲ್ಲ. ಇದೇ ಕಾಲದಲ್ಲಿ ಮೈಸೂರನ್ನು ಸರ್ವೆ ಮಾಡುತ್ತಿದ್ದ ಕಾಲಿನ್ ಮೆಕೆಂಜಿಯು ಮಾತ್ರ ಈ ವಿಷಯದಲ್ಲಿ ದೊಡ್ಡ ಮನಸ್ಸಿನವನು. ಕಾವಲಿ ವೆಂಕಟ ಬೋರಯ್ಯ ಎಂಬ ತೆಲುಗು ತರುಣನು ಊರೂರಿಗೆ ಹೋಗಿ ಶಾಸನಗಳನ್ನೂ ಕಡತಗಳನ್ನೂ ಅವನಿಗಾಗಿ ಕೂಡಿಸಿದನು. ಈ ದೇಶದ ವಿದ್ಯೆಯ ಬಾಗಿಲು ತನಗೆ ತೆರೆದುದು ಆ ಯುವಕನ ಸ್ನೇಹದಿಂದಲೆಂದು ಮೆಕೆಂಜಿಯು ಹೇಳಿಕೊಂಡಿರುವನು. ಬೋರಯ್ಯನು 1803ರಲ್ಲಿಯೇ, ಇನ್ನೂ ಚಿಕ್ಕ ವಯಸ್ಸಿನಲ್ಲಿ, ತೀರಿಹೋದನು. ಒಬ್ಬನ ಋಣವನ್ನು ಒಬ್ಬನು ಒಪ್ಪಿಕೊಂಡ ಈ ಸಂಗತಿಯು ನನಗೆ ಸಂಪುಟಗಳಿಗಿಂತ ಮಿಗಿಲಾಗಿ ತೋರುತ್ತದೆ.

ಈ ಸಂಶೋಧಕರು ನಡೆದ ಮೂಡಣ ಸೀಮೆಗೆ ಮುಂದೆ ರೈಲು ಬಂದಿತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲುಹಾದಿ ತೆರೆಯಿತು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಯುರೇಶಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದವರಿಗೆ ಇಲ್ಲಿ 3,900 ಎಕರೆ ಭೂಮಿಯನ್ನು ಕೊಟ್ಟರು. ಸಂಘದ ಮುಖಂಡನಾದ ವೈಟ್ ಎಂಬವನ ಹೆಸರಿನಿಂದ ವೈಟ್‌ಫೀಲ್ಡ್ ಹುಟ್ಟಿತು. ಬೇಸಾಯ ಮಾಡಿ ಬದುಕೋಣವೆಂದು ಬಂದ ಆ ಕುಟುಂಬಗಳಿಗೆ ಇದು ನಿಜವಾಗಿಯೂ ಒಂದು ಗಡಿನಾಡೇ. ಆದರೆ ಆಗಲೂ ಸುತ್ತಮುತ್ತ ಹಳ್ಳಿಗಳಿದ್ದುವು, ಕೆರೆಗಳಿದ್ದುವು, ಬಾವಿಯ ನೀರು ಎಷ್ಟು ಆಳದಲ್ಲಿದೆಯೆಂದು ಬಲ್ಲವರಿದ್ದರು. ಗಡಿ ಎಂಬುದು ಜನರಿಲ್ಲದ ಜಾಗವಲ್ಲ. ಅಲ್ಲಿದ್ದವರ ಹೆಸರನ್ನು ಇನ್ನೂ ಯಾರೂ ಕೇಳದ ಜಾಗ.

ಮೂರನೆಯವರು ಬೋನೊಡ್ಡುವವರು. ಇವರೂ ನಮ್ಮ ನೆರೆಯಲ್ಲಿಯೇ ಇರುವರು. ಎಲೆಕ್ಟ್ರಾನಿಕ್ ಸಿಟಿಗೆ ಪಡುವಲು, ಬನ್ನೇರುಘಟ್ಟದ ಕಾಡಿನಂಚಿನಲ್ಲಿ ಹಕ್ಕಿಪಿಕ್ಕಿಯವರ ಕಾಲೊನಿಯಿದೆ. ಹೆಸರೇ ಹೇಳುವಂತೆ ಹಕ್ಕಿ ಹಿಡಿಯುವುದು ಇವರ ಕುಲವೃತ್ತಿ. ಮನೆಯಲ್ಲಿ ಆಡುವುದು ವಾಗ್ರಿ ಎಂಬ ಬೇರೆಯೇ ಮಾತು. 1972ರ ವನ್ಯಜೀವಿ ಕಾಯಿದೆಯು ಹಕ್ಕಿಗಳಿಗೆ ಅಭಯವನ್ನು ಕೊಟ್ಟಿತು, ಅದು ತಕ್ಕದ್ದೇ. ಆದರೆ ಬಲೆಯನ್ನು ಮಡಿಸಿದ ಕೈಗಳಿಗೆ ಬೇರೆ ಕೆಲಸ ಬೇಕಲ್ಲವೆ? ಗಿಡಮೂಲಿಕೆಗಳ ತೈಲವನ್ನು ಮಾರುತ್ತ ಮಾರುತ್ತ ಈ ಜನರು ಸಮುದ್ರವನ್ನು ದಾಟಿ ಆಫ್ರಿಕಾ ಖಂಡದವರೆಗೆ ಹೋದರು. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಅಂತರ್ಯುದ್ಧವು ಎದ್ದಾಗ, ಅಲ್ಲಿ ಸಿಲುಕಿದ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಯವರು ಹಲವರಿದ್ದರು. ಅವರನ್ನು ಮರಳಿ ತಂದ ಸರ್ಕಾರದ ಕಾರ್ಯಾಚರಣೆಗೆ ‘ಕಾವೇರಿ’ ಎಂದೇ ಹೆಸರಿದ್ದಿತು. ಲೋಕವನ್ನು ಸುತ್ತಿದವರೆಂದು ನಾವು ಬೇರೆಯವರನ್ನು ಹೊಗಳುತ್ತಿರುವಾಗ, ನಮ್ಮ ಊರಿನ ಬದಿಯಿಂದಲೇ ಗುಡಾರದ ಜನರು ಖಂಡಗಳನ್ನು ದಾಟಿದ್ದರು.

ಈಗ ಎಲೆಕ್ಟ್ರಾನಿಕ್ ಸಿಟಿಯ ಹುಟ್ಟಿನ ಮಾತು ಬಂದರೆ, 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಗಳಲ್ಲಿ ಅದನ್ನು ಎಬ್ಬಿಸಿದ ಆರ್. ಕೆ. ಬಾಳಿಗರನ್ನು ಸ್ಮರಿಸುವೆವು. ಸ್ಮರಿಸಬೇಕಾದುದೇ. ಆದರೆ ಹರಿಕಾರ ಎಂಬ ಮಾತಿನ ಹಳೆಯ ಅರ್ಥಕ್ಕೆ ಸೇರಿದವರು ಇಂದಿಗೂ ನಮ್ಮ ಬೀದಿಯಲ್ಲಿ ಓಡಾಡುತ್ತಿರುವರು. ಪೀಣ್ಯದ ಕಾರ್ಖಾನೆಯಿಂದ ಬಿಡಿಭಾಗದ ಪೆಟ್ಟಿಗೆಯನ್ನು ತರುವವನು, ವೈಟ್‌ಫೀಲ್ಡಿನ ಹನ್ನೆರಡನೆಯ ಅಂತಸ್ತಿಗೆ ಅನ್ನದ ಡಬ್ಬಿಯನ್ನು ಮುಟ್ಟಿಸುವವನು, ರಾತ್ರಿ ಹತ್ತಕ್ಕೆ ಔಷಧಿಯನ್ನು ತಂದು ಬಾಗಿಲು ತಟ್ಟುವವನು, ಇವರೆಲ್ಲರೂ ಹರಿಕಾರರೇ. ಈಟಿಗೆ ಬದಲಾಗಿ ಮೋಟಾರು ಸೈಕಲ್ಲು. ಗೆಜ್ಜೆಗೆ ಬದಲಾಗಿ ಜೇಬಿನ ಮೊಬೈಲಿನ ಕರೆ.

ಹೋದ ಮಳೆಗಾಲದಲ್ಲಿ ನಮ್ಮ ಬೀದಿಯು ಕೆರೆಯಾಗಿದ್ದ ಒಂದು ಸಂಜೆ, ಮನೆಯ ಹಿರಿಯರಿಗೆ ಬೇಕಾದ ಔಷಧಿಯನ್ನು ಒಬ್ಬ ಹುಡುಗನು ಮೊಣಕಾಲುದ್ದದ ನೀರಿನಲ್ಲಿ ವಾಹನವನ್ನು ತಳ್ಳಿಕೊಂಡು ಬಂದು ಕೊಟ್ಟನು. ಒಳಗೆ ಬಂದು ಕುಳಿತುಕೊ ಎಂದರೆ, “ಹೊತ್ತಿಲ್ಲರೀ, ಇನ್ನೂ ಎರಡು ಅದಾವ” ಎಂದನು. ಮಾತಿನ ಧಾಟಿಯಿಂದ ಬಡಗಣ ಸೀಮೆಯವನೆಂದು ತಿಳಿಯಿತು. ಒಂದು ಲೋಟ ಬಿಸಿ ಹಾಲನ್ನು ನಿಂತೇ ಕುಡಿದು ಹೊರಟನು. ಅವನನ್ನು ಕಾಯುತ್ತಿದ್ದ ಗಡಿಯಾರವು ನನ್ನದಲ್ಲ, ಅವನದೂ ಅಲ್ಲ. ಹಿರಿಯರಿಗೆ ಅಂದು ರಾತ್ರಿ ಉಸಿರು ಹಗುರವಾಯಿತು. ಆ ಉಸಿರಿನ ಸಾಲವು ನಮ್ಮ ಮನೆಯ ಮೇಲೆ ಇನ್ನೂ ಇದೆ.

ಇಂಥವರಿಗಾಗಿ ಕರ್ನಾಟಕ ಸರ್ಕಾರವು 2025ರಲ್ಲಿ ಒಂದು ಕಾಯಿದೆಯನ್ನು ತಂದಿತು. ಅವರ ಹೆಸರನ್ನು ನೋಂದಾಯಿಸಬೇಕು, ಅವರ ಕ್ಷೇಮಕ್ಕೆಂದು ನಿಧಿಯನ್ನು ಕೂಡಿಸಬೇಕು ಎಂಬುದು ಅದರ ಸಾರ. ಇನ್ನೂರು ವರ್ಷ ಓಡಿದವರ ಹೆಸರು ಎಲ್ಲಿಯೂ ಉಳಿಯಲಿಲ್ಲ. ಇವರ ಹೆಸರಾದರೂ ಒಂದು ಪುಸ್ತಕದಲ್ಲಿ ಉಳಿಯುವುದು ಸಣ್ಣ ಸಂಗತಿಯಲ್ಲ. ಆದರೆ ಕಾಯಿದೆಯು ಮಾಡುವಷ್ಟನ್ನೇ ಮಾಡಬಲ್ಲುದು. ಉಳಿದುದು ಗೃಹಸ್ಥರ ಪಾಲಿನದು.

ಪೋನಿ ಎಕ್ಸ್‌ಪ್ರೆಸ್ಸನ್ನು ತಂತಿಯು ನಿಲ್ಲಿಸಿತೆಂದೆನಷ್ಟೆ. ಆ ತಂತಿಯೂ ನಮ್ಮ ದೇಶದಲ್ಲಿ 2013ರ ಜುಲೈ ತಿಂಗಳಲ್ಲಿ ಕೊನೆಗಂಡಿತು. ಯಂತ್ರಗಳು ಒಂದನ್ನೊಂದು ನುಂಗುತ್ತ ಹೋಗುವುವು. ಕಟ್ಟಕಡೆಯ ನೂರು ಗಜವನ್ನು ನಡೆದು ಬಾಗಿಲಿಗೆ ಬರುವ ಕಾಲು ಮಾತ್ರ ಹಾಗೆಯೇ ಇದೆ. ಮಕ್ಕಳಿಗೆ ಹೊರದೇಶದ ಸವಾರರ ಕಥೆಯನ್ನು ಓದಬೇಡಿರೆಂದು ನಾನು ಹೇಳುವವನಲ್ಲ. ಓದಲಿ, ಓದಿದ ಮೇಲೆ ಬಾಗಿಲ ಸದ್ದಾದಾಗ ಎದ್ದು ಹೋಗಿ ತೆರೆಯಲಿ, ಬಂದವನ ಊರನ್ನು ಕೇಳಲಿ, ನೀರು ಬೇಕೆ ಎಂದು ವಿಚಾರಿಸಲಿ. ನಮ್ಮ ಹುಡುಗಿಯು ಈಗ ಹಾಗೆ ಮಾಡುತ್ತಿದ್ದಾಳೆ. ಅವಳ ನೋಟುಪುಸ್ತಕದ ಒಂದು ಹಾಳೆಯಲ್ಲಿ ಇದುವರೆಗೆ ಹದಿನೇಳು ಊರುಗಳ ಹೆಸರುಗಳು ಸೇರಿವೆ.