ಜೀಪಿನ ಹುಕ್ಕು ನಾಲ್ಕು ಇಂಚು ಇಳಿಸಿದ್ದು

ಹೋದ ವಾರ ಗೊಬ್ಬರ ಹೇರಿಕೊಂಡು ತೋಟದ ಇಳಿಜಾರು ಇಳಿಯುವಾಗ ಟ್ರೈಲರ್ ಹಾವಿನ ಹಾಗೆ ಹೊರಳಿತು. ಮೂಟೆ ಮೇಲೆ ಕೂತಿದ್ದ ಹುಡುಗ ಹಾರಿ ಕಾಫಿ ಗಿಡದೊಳಗೆ ಬಿದ್ದ. ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆದ್ರೆ ಅವತ್ತು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅವನನ್ನ ಅಲ್ಲಿ ಕೂರಿಸಿದ್ದು ನಾನೇ.

ಬೆಳಿಗ್ಗೆ ಪಕ್ಕದ ಮನೆ ಭಾವ ನೋಡಿದವರೇ, "ಭಾವಾ, ಟ್ರೈಲರ್ ಮೂತಿ ಆಕಾಶ ನೋಡ್ತಾ ಇದೆಯಲ್ಲಾ" ಅಂದ್ರು. ಹೌದು. ಮಳೆಗಾಲಕ್ಕೆ ಮುಂಚೆ ಎಂಎಂ 540ಗೆ ಹೊಸ ಪ್ಲೇಟ್ ಸೆಟ್ಟು, ದೊಡ್ಡ ಟಯರು ಹಾಕಿಸಿದ್ದೆ. ಜೀಪು ಎದ್ದಿತ್ತು, ಜೊತೆಗೆ ಹುಕ್ಕೂ ಎದ್ದಿತ್ತು. ನನ್ನ ಗಮನ ಅತ್ತ ಹೋಗಿರಲಿಲ್ಲ.

ಅಡಿಕೆ ಒಣಗಿಸೋ ಅಂಗಳದಲ್ಲಿ ನಿಲ್ಲಿಸಿ ಟೇಪ್ ಹಿಡಿದೆ. ಟ್ರೈಲರ್ ಮಟ್ಟವಾಗಿ ನಿಲ್ಲಬೇಕಾದರೆ ಅದರ ಕೊಂಡಿ ನೆಲದಿಂದ 17 ಇಂಚು. ಹುಕ್ಕು ಇದ್ದಿದ್ದು 21ರಲ್ಲಿ. ಮೂತಿ ಕೆಳಗೆ ಇಟ್ಟಿಗೆ ಜೋಡಿಸಿ, ತೂಕದ ಮಿಷನ್ ಇಟ್ಟು ನೋಡಿದೆ. ಟ್ರೈಲರೂ ಸೇರಿ 600 ಕೆಜಿ ಲೋಡು, ಮೂತಿಯಲ್ಲಿ ಬರೀ 12 ಕೆಜಿ! ಸುಮಾರು ಹತ್ತರಲ್ಲಿ ಒಂದು ಪಾಲು ಮೂತಿ ಮೇಲೆ ಕೂರಬೇಕು. ಇಲ್ಲಾಂದ್ರೆ ಇಳಿಜಾರಲ್ಲಿ ಟ್ರೈಲರ್ ಹೀಗೇ ಹೊರಳುತ್ತೆ.

ವೆಲ್ಡಿಂಗ್ ಶಾಪಿನವನು ಬಂಪರಿಗೇ ಬೆಸುಗೆ ಹಾಕ್ತೀನಿ ಅಂದ, ನಾನು ಬೇಡ ಅಂದೆ. ಹಿಂದಿನ ಕ್ರಾಸ್ ಮೆಂಬರಿಗೆ ದಪ್ಪ ಪ್ಲೇಟ್ ಕೂರಿಸಿ, ಎರಡೆರಡು ಇಂಚಿಗೆ ತೂತು ಹೊಡೆಸಿ, 8.8 ಗ್ರೇಡಿನ ಬೋಲ್ಟ್, ನೈಲಾಕ್ ನಟ್ ಹಾಕಿಸಿದೆ. ಈಗ ಹುಕ್ಕನ್ನ ಬೇಕಾದ ಎತ್ತರಕ್ಕೆ ಬದಲಾಯಿಸಬಹುದು.

ಒಂದು ಮಾತು ಹೇಳಲೇಬೇಕು. ನಾಲ್ಕು ಇಂಚು ಇಳಿಸಿದ್ದಕ್ಕೆ ಮೂತಿಯಲ್ಲಿ ಹೆಚ್ಚಿದ್ದು ಹತ್ತೇ ಕೆಜಿ. ಹಿಂದಿನ ಎರಡು ಮೂಟೆಯನ್ನ ಎರಡಡಿ ಮುಂದಕ್ಕೆ ತಂದ ಮೇಲೇ 55ಕ್ಕೆ ಬಂತು. ಅಂದರೆ ದೊಡ್ಡ ತಪ್ಪು ಹುಕ್ಕಿನದಲ್ಲ, ಮೂಟೆ ಹೇರಿದ ನನ್ನದು. ದುಡ್ಡು ಖರ್ಚು ಮಾಡೋ ಮುಂಚೆ ಮೂಟೆ ಸರಿಸಿ ತೂಗಿ ನೋಡಿ.

ಇಳಿಸಿದ ಹುಕ್ಕಿಗೆ ತೊಂದರೆಯೂ ಉಂಟು. ನಿನ್ನೆ ಹಳ್ಳ ದಾಟುವಾಗ ಪ್ಲೇಟು ಕಲ್ಲಿಗೆ ಕಟಾರನೆ ಬಡಿಯಿತು. ಖಾಲಿ ಜೀಪಲ್ಲಿ ಹಳ್ಳಕ್ಕೆ ಇಳಿಯೋ ಮುಂಚೆ ಹುಕ್ಕನ್ನ ಮೇಲಿನ ತೂತಿಗೆ ಹಾಕಿಕೊಳ್ಳೋದು ಈಗ ರೂಢಿ ಮಾಡ್ತಾ ಇದ್ದೇನೆ. ಇಳಿಜಾರಲ್ಲಿ ಎರಡನೇ ಗೇರು. ಹುಡುಗ ಈಗ ಮುಂದಿನ ಸೀಟಲ್ಲಿ ಕೂರ್ತಾನೆ.