ಮೂಷಿಕ ಮಹಾಶಯನ ಸಹವಾಸ

ದೇವರ ಪಟದಲ್ಲಿ ಗಣಪತಿಯ ಪಾದದ ಬಳಿ ಕುಳಿತ ಇಲಿಯನ್ನು ಕಂಡರೆ ಯಾರಿಗಾದರೂ ಭಕ್ತಿ ಹುಟ್ಟುತ್ತದೆ. ಅದೇ ಪ್ರಾಣಿ ಅಟ್ಟದ ಮೇಲಿನ ಬತ್ತದ ಮೂಟೆಯನ್ನು ಕೊರೆಯತೊಡಗಿದರೆ ಆ ಭಕ್ತಿ ಎಷ್ಟು ಹೊತ್ತು ಉಳಿಯುವುದೆಂಬುದನ್ನು ವಾಚಕರೇ ಊಹಿಸಬಹುದು.

ನಮ್ಮೂರು ದಕ್ಷಿಣ ಕೊಡಗಿನ ಶ್ರೀಮಂಗಲ. ಒಂದು ಕಡೆ ಕಾಫಿ ತೋಟ, ಮತ್ತೊಂದು ಕಡೆ ಗದ್ದೆ, ನಡುವೆ ನಮ್ಮ ಹೆಂಚಿನ ಮನೆ. ಕಕ್ಕಡ ಮಾಸದ ಮಳೆಗೆ ಬಿಲಗಳಲ್ಲಿ ನೀರು ತುಂಬಿದರೆ ಇಲಿಗಳು ಮನೆಗೆ ಬರುತ್ತವೆ. ಹುತ್ತರಿ ಕಳೆದು, ಕೊಯ್ಲು ಮುಗಿದು ಗದ್ದೆ ಬರಿದಾದರೆ ಬತ್ತದ ಹಿಂದೆಯೇ ಮತ್ತೆ ಬರುತ್ತವೆ. ಹೀಗೆ ನಮ್ಮಂತೆ ಅವಕ್ಕೂ ವರ್ಷಕ್ಕೆ ಎರಡು ಟರ್ಮು. ರಜೆ ಮಾತ್ರ ಇಲ್ಲ.

ಇದು ನಗೆಯ ಮಾತಾಗಿಯೇ ಉಳಿಯಲಿಲ್ಲ. ನಾನು ಪ್ರಥಮ ಬಿ.ಎ. ತರಗತಿಯಲ್ಲಿದ್ದಾಗ, ನಾಟಿಯ ಕಾಲದಲ್ಲಿ ತಂದೆಯವರು ಜ್ವರದಿಂದ ಮಲಗಿದರು. ಕಣ್ಣು ಕೆಂಪಾಗಿತ್ತು, ಮೀನಖಂಡದ ನೋವಿನಿಂದ ಏಳಲಾಗುತ್ತಿರಲಿಲ್ಲ. ವೈದ್ಯರು ಇಲಿಜ್ವರವೆಂದರು. ಇಲಿಯ ಮೂತ್ರದಲ್ಲಿರುವ ರೋಗಾಣು ಕೆಸರುನೀರಿಗೆ ಸೇರಿ, ಕಾಲಿನ ಗಾಯದಿಂದ ಮೈಯೊಳಗೆ ಹೋಗುವುದೆಂದು ಅಂದೇ ನನಗೆ ತಿಳಿದದ್ದು. ಬೇಗನೆ ಔಷಧ ದೊರೆತುದರಿಂದ ಅವರು ಗುಣವಾದರು. ಆ ವರ್ಷದ ನಾಟಿಯನ್ನು ತಾಯಿಯೂ ನಾನೂ ಮುಗಿಸಿದೆವು.

ವಿಷವಿಡಿರೆಂದು ನೆರೆಯವರ ಸಲಹೆ. ನಾಯಿ, ಕೋಳಿ, ಕೂಸು ಇರುವ ಮನೆಯಲ್ಲಿ ವಿಷ ಬೇಡವೆಂದು ತಾಯಿಯ ಹಟ. ನಾನು ಗ್ರಂಥಾಲಯವನ್ನು ಹೊಕ್ಕೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನರು ಮನೆಗಳನ್ನೇ ತೊರೆದು ಬಯಲಿನ ಗುಡಿಸಲುಗಳಲ್ಲಿ ವಾಸಿಸಿದರು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯನು ಇಲಿಯ ಚಿಗಟವೇ ಆ ರೋಗವನ್ನು ಹರಡುವುದೆಂದು ತೋರಿಸಿದನು. ಇಲಿ ಸತ್ತರೆ ಚಿಗಟವು ಹೊಸ ಮೈಯನ್ನು ಹುಡುಕುತ್ತದೆ. ಮನೆಯೊಳಗೆ ಇಲಿಯನ್ನು ಕೊಂದ ಮಾತ್ರಕ್ಕೆ ಪೀಡೆ ತೀರದು. ಅಲ್ಲದೆ ಇಲಿಯ ಗರ್ಭಕಾಲ ಸುಮಾರು ಮೂರೇ ವಾರ, ಕೊಂದಷ್ಟೂ ಹುಟ್ಟುತ್ತವೆ.

ಇದನ್ನು ಹೇಳಿದಾಗ ತಂದೆಯವರು, "ಬಂದವನನ್ನು ಹೊಡೆಯುವುದಕ್ಕಿಂತ ಬಾಗಿಲು ಹಾಕುವುದು ಲೇಸು" ಎಂದರು. ಹೆಬ್ಬೆರಳು ತೂರುವ ಸಂದಿ ಇಲಿಗೆ ಹೆಬ್ಬಾಗಿಲು. ಸುಂಡಿಲಿಗೆ ಪೆನ್ಸಿಲ್ ತೂರುವಷ್ಟೇ ಸಾಕು. ಗೋಡೆಯ ತೂತುಗಳಿಗೆ ಗಾಜಿನ ಚೂರು ಬೆರೆಸಿದ ಸಿಮೆಂಟು ತುಂಬಿದೆವು. ಕಿಟಕಿಗಳಿಗೆ ಕಾಲು ಅಂಗುಲದ ತಂತಿಬಲೆ, ಬಾಗಿಲಿನ ಅಡಿಗೆ ತಗಡು ಹೊಡೆದೆವು. ಮಾಡಿಗೆ ತಾಗುತ್ತಿದ್ದ ಹಲಸಿನ ಕೊಂಬೆಯನ್ನು ಕಡಿದೆವು. ಸೌದೆಯ ರಾಶಿಯನ್ನು ಗೋಡೆಯಿಂದ ದೂರ ಸರಿಸಿದೆವು. ಬತ್ತವು ಅಟ್ಟದಿಂದಿಳಿದು ಮುಚ್ಚಳವಿರುವ ತಗಡಿನ ಡಬ್ಬಗಳನ್ನು ಸೇರಿತು. ಇಲಿಗಳು ಇಂದಿಗೂ ತೋಟದಲ್ಲಿವೆ, ಅಟ್ಟದಲ್ಲಿ ಸದ್ದಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದಿನಿಂದೇನು ಲಾಭವೆಂದು ಊರಿನಲ್ಲಿ ಕೇಳುವವರುಂಟು. ಸಂದಿ ಎಷ್ಟಗಲವಿದ್ದರೆ ಅಪಾಯವೆಂದು ಪುಸ್ತಕ ಹೇಳಿತು; ಆ ಸಂದಿ ಎಲ್ಲಿದೆಯೆಂದು ತಂದೆಯವರಿಗೆ ಗೊತ್ತಿತ್ತು. ಇವೆರಡೂ ಕೂಡಿದ್ದರಿಂದಲೇ ಕೆಲಸವಾಯಿತು. ಗದ್ದೆಗಿಳಿಯುವ ಸಹಪಾಠಿಗಳಲ್ಲಿ ನನ್ನದೊಂದು ಬಿನ್ನಹ: ಕಾಲಿನ ಗಾಯಕ್ಕೆ ನೀರು ಸೋಕದಂತೆ ಪಟ್ಟಿ ಕಟ್ಟಿಕೊಳ್ಳಿರಿ, ಮಳೆಗಾಲದಲ್ಲಿ ಜ್ವರ ಬಂದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿರಿ.